ಕಾರಿಗೆ ಹಲ್ಲುಸೆಟ್ಟು

ಮೇಜಿಗೆ ಹಳೇ ಪತ್ರಿಕೆ ಹಾಸಿ
ಮೂರು ಜೋಡಿ ಜಾಲರಿ ಇಟ್ಟಿದ್ದೇನೆ.
ಹೊರಗೆ ಓಸ್ಟರ್‌ಸುಂಡಿನ ಏಪ್ರಿಲ್,
ಸರೋವರದ ಮಂಜುಗಡ್ಡೆ ಒಳಗೊಳಗೇ ಲಟಲಟ ಅನ್ನುತ್ತಿದೆ.
ಶೆಡ್ಡಿನಲ್ಲಿ ಅಮೆಜಾನ್, ಅರವತ್ತನಾಲ್ಕರ ವೋಲ್ವೋ,
ಅಚ್ಚು ತೆಗೆಸಿಕೊಳ್ಳಲು ಬಂದವರ ಹಾಗೆ
ಬಾಯಿ ಬಿಟ್ಟು ಕೂತಿದೆ.

ಈ ಕಾರಿನ ಮೂತಿಗೆ ಎರಡು ಕಂಡಿ,
ಹಸುವಿನ ಹೊಳ್ಳೆಯಂತೆ ಅತ್ತೊಂದು ಇತ್ತೊಂದು.
ಬಲದ್ದು ಸರಿಯಿದೆ. ಎಡದ್ದು
ನವೆಂಬರಿನಲ್ಲಿ ಹಿಮಸಾರಂಗದ ಪಾಲಾಯಿತು.
ಸಾರಂಗ ಎದ್ದು, ಮೈ ಕೊಡವಿ,
ಬೈಯುವವರ ಹಾಗೆ ನಮ್ಮನ್ನು ನೋಡಿ ಕಾಡಿಗೆ ಹೋಯಿತು.
ದೀಸಾ ಮಾತ್ರ ಸ್ಟೀರಿಂಗ್ ಬಿಡದೆ
ಬಹಳ ಹೊತ್ತು ಕೂತಿದ್ದಳು.

ಮೊದಲನೆಯ ಜೋಡಿ ಹೊಚ್ಚ ಹೊಸದು.
ಅದರ ಹೊಳಪಿನಲ್ಲಿ ನನ್ನ ಮುಖ
ಹದಿನಾರು ಚೂರಾಗಿ ಕಾಣುತ್ತದೆ.
ಎರಡನೆಯದು ಸ್ವೆಗ್ ಊರಿನ ಗುಜರಿಯದು,
ಕ್ರೋಮಿನ ತುಂಬ ಸಿಡುಬಿನ ಕಲೆ.
ಮೂರನೆಯದು ಬೇರೆ ವರ್ಷದ್ದು:
ಅದಕ್ಕೆ ಚೌಕುಳಿ, ನಮ್ಮದಕ್ಕೆ ಅಡ್ಡಗೀಟು.
ಯಾರಿಗೂ ಗೊತ್ತಾಗಲ್ಲ, ಅಂದ ಗುಜರಿಯ ಹಲ್ವಾರ್.
ಗೊತ್ತಾಗುವವರಿಗೆ ಗೊತ್ತಾಗುತ್ತದೆ, ಅಂದೆ.
ಅಂಥವರು ಈ ಸೀಮೆಯಲ್ಲಿ ಎಷ್ಟು ಜನ?
ನಾನು. ಮತ್ತೆ ನೀನು.
ಇಬ್ಬರು ಸಾಕಲ್ಲ, ಜಗಳಕ್ಕೆ.

ನಲವತ್ತೊಂದು ವರ್ಷ ಹಲ್ಲುಸೆಟ್ಟು ಮಾಡಿದ ಕೈ ಇದು.
ಬಂದವರೆಲ್ಲ ಕೇಳಿದ್ದು ಹಾಲಿನಂಥ ಬಿಳುಪು.
ನಾನು ಒಂದು ಹಲ್ಲನ್ನು ತುಸು ಓರೆ ನಿಲ್ಲಿಸುತ್ತಿದ್ದೆ,
ಕೋರೆಹಲ್ಲಿನ ಬುಡಕ್ಕೆ ಕೂದಲೆಳೆಯಷ್ಟು ಕಾಫಿಯ ಬಣ್ಣ.
ಮುಖಕ್ಕೆ ಎಪ್ಪತ್ತಾದರೆ ಹಲ್ಲಿಗೆ
ಅರವತ್ತೈದಾದರೂ ಆಗಿರಬೇಕು,
ಇಲ್ಲದಿದ್ದರೆ ನಗುವುದು ಬರೀ ಹಲ್ಲು.

ಬೋರ್ಗ್‌ಹಿಲ್ಡ್ ಅಂತ ಒಬ್ಬಳು ಮುದುಕಿ, ಡೈರಿಯಲ್ಲಿ ದುಡಿದವಳು,
ಹೊಸ ಸೆಟ್ಟು ಹಾಕಿಕೊಂಡು ಹೋದವಳು ಮರುದಿನವೇ ಬಂದಳು:
"ಇದರಲ್ಲಿ ಸಿಳ್ಳೆ ಬರುತ್ತಿಲ್ಲ.
ಸಿಳ್ಳೆ ಬರದೆ ನಾಯಿ ಬರುತ್ತಿಲ್ಲ."
ಮುಂದಿನ ಎರಡು ಹಲ್ಲಿನ ನಡುವೆ ಸಂದು ಕೊರೆದುಕೊಟ್ಟೆ.
ಬಾಗಿಲಲ್ಲೇ ನಿಂತು ಊದಿ ನೋಡಿದಳು.
ಬೀದಿಯಾಚೆ
ಯಾರದೋ ನಾಯಿ ಕತ್ತೆತ್ತಿತು.

"ಕಾರಿಗೆ ಹಲ್ಲು ಕಟ್ಟಲು ಇನ್ನೆಷ್ಟು ದಿನ?"
ದೀಸಾ ಕಾಫಿ ತಂದಿಟ್ಟಳು.
ಕಾರು ಅವಳದು, ಮದುವೆಯ ವರ್ಷ ಅಪ್ಪ ಕೊಟ್ಟದ್ದು.
ಆಯ್ಕೆ ನನ್ನದಲ್ಲವೆಂದು ನೆನಪಾಗಲು
ನನಗೆ ಮೂರು ವಾರ ಹಿಡಿಯಿತು.

ಬಲದ ಹಳೆಯದನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು.
ಅಂಚಿನಲ್ಲಿ ನಾಲ್ಕು ತೂತು, ಕೈಯಲ್ಲಿ ಕೊರೆದವು.
ಚಳಿಗಾಲ ಬಂತೆಂದರೆ ಅವಳಪ್ಪ ಅಲ್ಲಿ
ತೊಗಲಿನ ಪರದೆ ಕಟ್ಟುತ್ತಿದ್ದರಂತೆ,
ಇಂಜಿನ್ನು ಬೇಗ ಬೆಚ್ಚಗಾಗಲೆಂದು,
ಹಿಂದಿನ ಸೀಟಿನಲ್ಲಿ ಶಾಲೆಗೆ ಹೋಗುವ ಹುಡುಗಿ ಇದ್ದಾಳೆಂದು.

"ಇದು ಇರಲಿ. ಎಡಕ್ಕೆ ಹೊಸದು ಹಾಕು."
ಹೊಂದುವುದಿಲ್ಲ, ಅಂದೆ.
"ಗುದ್ದಿದವಳು ನಾನು. ಕಂಡರೆ ಕಾಣಲಿ."
ನನ್ನ ಕೈ ಆಗಲೇ ಮರಳುಕಾಗದ ತಡಕುತ್ತಿತ್ತು,
ಹೊಳಪನ್ನಾದರೂ ಒಂಚೂರು ತಗ್ಗಿಸೋಣವೆಂದು.
ಅವಳು ಕಾಗದದ ಮೇಲೆ ಕಾಫಿ ಬಟ್ಟಲು ಇಟ್ಟಳು.

ಆರು ಸ್ಕ್ರೂ. ಒಂದು ಕೈಜಾರಿ
ಚರಂಡಿಯ ಕಂಡಿಯಲ್ಲಿ ಹೋಯಿತು.
ಐದರಲ್ಲೇ ಬಿಗಿದೆ. ಉಳಿದ ಹೊಸ ಬಲಹೊಳ್ಳೆ
ಶೆಡ್ಡಿನ ಮೊಳೆಯಲ್ಲಿ ತೂಗುತ್ತಿದೆ.

ಸಂಜೆ ದಡದ ರಸ್ತೆಗೆ ಹೊರಟೆವು, ಅವಳೇ ಓಡಿಸಿದಳು.
ಅರವತ್ತರ ವೇಗ ದಾಟಿದ್ದೇ
ಎಡಗಡೆಯಿಂದ ಸಣ್ಣಗೆ ಒಂದು ಸಿಳ್ಳೆ.
ನಾನು ನಾಳೆ ಸರಿಮಾಡುತ್ತೇನೆ ಅಂದೆ.
ಅವಳು ಎಪ್ಪತ್ತಕ್ಕೆ ಏರಿಸಿದಳು.