ಸಂಚಿಕೆಗೆ ಸೇರದ ಪುಟ

ಡೀನ್ ಸಾಹೇಬರು ಹೇಳಿ ಕಳಿಸಿದರು:
ಎಪ್ಪತ್ತೈದು ತುಂಬಿತಲ್ಲ ಆಸ್ಪತ್ರೆಗೆ,
ರೆಕಾರ್ಡ್ ರೂಮಿನವರು ನೀವೇ ಬರೆಯಿರಿ ಇತಿಹಾಸ,
ಎರಡು ಪುಟ ಮೀರದಂತೆ,
ಗ್ರೂಪ್ ಫೋಟೋಗೆ ಜಾಗ ಬಿಟ್ಟು.

ಬರೆದೆ. ಬುನಾದಿ ಕಲ್ಲಿನ ತಾರೀಖು, ದಾನಿಗಳ ಪಟ್ಟಿ,
ಹಾಸಿಗೆ ಇಪ್ಪತ್ತು ಹೋಗಿ ಮುನ್ನೂರಾದ ಲೆಕ್ಕ,
ವಿಶ್ವವಿದ್ಯಾಲಯ ಸಂಯೋಜನೆ ಕೊಟ್ಟ ಆದೇಶದ ನಂಬರು.
ಎಲ್ಲ ಸರಿಯಾಗಿದೆ. ಓದಿದರೆ
ಇಲ್ಲಿ ಯಾರೂ ಒಮ್ಮೆಯೂ ಕೆಮ್ಮಿದ ಹಾಗಿಲ್ಲ.

ಅದಕ್ಕೇ ಇದು, ಹಾಳೆಯ ಬೆನ್ನಿಗೆ.

ಮೊದಲು ಇದು ಕೊಬ್ಬರಿ ಗೋದಾಮು,
ಅರಸೀಕೆರೆ ಸ್ಟೇಷನ್ನಿಗೆ ಕೂಗಳತೆ.
ಸಾವಿರ ಕಾಯಿಗೊಂದು ಆಸ್ಪತ್ರೆ ಪಾಲೆಂದು
ಮಂಡಿಯವರು ಚೀಟಿ ಬರೆದುಕೊಂಡರು.
ಮೂರು ಸಲ ಸುಣ್ಣ ಹೊಡೆದರೂ ವಾಸನೆ ಹೋಗಲಿಲ್ಲ:
ಫಿನಾಯಿಲಿನ ಅಡಿಯಲ್ಲಿ ಸಣ್ಣಗೆ ಕೊಬ್ಬರಿ.
ಬಸುರಿಯರು ಅನ್ನುತ್ತಿದ್ದರಂತೆ,
ಈ ವಾರ್ಡಿಗೆ ಬಂದರೇ ಹಸಿವಾಗುತ್ತದೆ.

ಡಾಕ್ಟರ್ ಸುಂದರಾಬಾಯಿ ಬಂದದ್ದು ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ,
ಒಂದು ಟ್ರಂಕು, ಒಂದು ಸ್ಟವ್ವು.
ಕರೆಂಟು ಹೋದ ರಾತ್ರಿ ಪಾಯಿಂಟ್ಸ್‌ಮನ್ ಹಯಾತ್ ಸಾಬ್
ಸಿಗ್ನಲ್ ಲಾಟೀನು ಹಿಡಿದು ಓಡಿಬಂದ,
ಕೆಂಪು ಗಾಜು ಸರಿಸಿ, ಮುಖ ಆಚೆ ತಿರುಗಿಸಿ ನಿಂತ.
ಹೆರಿಗೆ ಪುಸ್ತಕದಲ್ಲಿ, ಎಣ್ಣೆ ಕಲೆಯ ಪಕ್ಕ:
‘ಗಂಡು. ಐದೂಮುಕ್ಕಾಲು ಪೌಂಡು. ಬೆಳಕು: ರೈಲ್ವೆಯದು.’

ಸೂಲಗಿತ್ತಿ ಹೊನ್ನಾಜಮ್ಮನಿಗೆ ಹುದ್ದೆ ಇರಲಿಲ್ಲ.
‘ಇತರೆ ಖರ್ಚು’ ಅಂಕಣದಲ್ಲಿ ಬರೆಯುತ್ತಿದ್ದರು:
ಪೊರಕೆ, ಬತ್ತಿ, ಹೊನ್ನಾಜಮ್ಮ.
ಇಪ್ಪತ್ತೆರಡು ವರ್ಷ.

ಆಮೇಲೆ ಮೆಡಿಕಲ್ ಕಾಲೇಜಿನ ಮಾತು.
ತಪಾಸಣೆಗೆ ಬರುತ್ತಾರೆ, ಹಾಸಿಗೆ ಎಣಿಸುತ್ತಾರೆ,
ಹಾಸಿಗೆ ಮೇಲಿನ ಮನುಷ್ಯರನ್ನೂ ಎಣಿಸುತ್ತಾರೆ.
ಅದೋ ಸುಗ್ಗಿ;
ಕಾಯಿಲೆ ಬೀಳಲು ಊರಿಗೆ ಪುರಸೊತ್ತಿಲ್ಲ.
ನಲವತ್ತೊಂದು ಹಾಸಿಗೆ ಖಾಲಿ.

ಮಂಡಿಯಿಂದ ಹಮಾಲಿಗಳನ್ನು ಕರೆತಂದವನು ನಾನೇ.
ಆಗ ನನ್ನ ಮೀಸೆ ಕಪ್ಪು, ಕೆಲಸ ಕಾಯಂ ಆಗಿರಲಿಲ್ಲ.
ತಲೆಗೆ ಹದಿನೈದು ರೂಪಾಯಿ, ಮಧ್ಯಾಹ್ನ ಮುದ್ದೆ, ಹುರುಳಿ ಸಾರು.
ಮೂಟೆ ಎಳೆಯುವ ಕೊಕ್ಕೆಗಳನ್ನು ಗೇಟಿನಲ್ಲೇ ಇರಿಸಿಕೊಂಡೆ.
ಹಸಿರಂಗಿ ತೊಟ್ಟು ಮಲಗಿದರು. ಹಗಲು ಮಲಗಿ ರೂಢಿಯಿಲ್ಲ;
ಒಬ್ಬನಿಗೆ ತಡೆಯದ ನಗು, ಒಬ್ಬನದು ನಿಜವಾದ ಗೊರಕೆ.
ಚಾರ್ಟಿನಲ್ಲಿ ರೋಗ ಹಂಚಿದವನೂ ನಾನೇ.
ಮೂಡ್ಲಗಿರಿಗೆ ಕೊಟ್ಟದ್ದು ‘ಹೊಟ್ಟೆ ನೋವು’.

ಬಂದವರು ಎಣಿಸಿದರು, ಟೀ ಕುಡಿದರು, ಕಾರು ಹತ್ತಿದರು.
ಹಿಂದೆ ಉಳಿದಳೊಬ್ಬ ಹೌಸ್ ಸರ್ಜನ್ ಹುಡುಗಿ, ತಾರಿಣಿ;
ನಾಟಕ ಅವಳಿಗೆ ಯಾರೂ ಹೇಳಿರಲಿಲ್ಲ.
ಮೂಡ್ಲಗಿರಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟಳು.
ತೆಗೆದಳು. ಮತ್ತೆ ಇಟ್ಟಳು.
‘ನಂಗೇನಿಲ್ಲ ಕಣವ್ವ, ನಾನು ಬಾಡಿಗೆ ರೋಗಿ.’
‘ಮಾತಾಡಬೇಡಿ,’ ಅಂದಳು, ‘ಉಸಿರು ಹಿಡೀರಿ.’

ಕವಾಟ ಸೋರುತ್ತಿತ್ತು, ಎಷ್ಟು ಕಾಲದಿಂದಲೋ.
ಮೂಟೆ ಹೊತ್ತಾಗಿನ ಏದುಸಿರಿಗೆ
ಅವನು ವಯಸ್ಸು ಅಂತ ಹೆಸರಿಟ್ಟಿದ್ದ.

ನಲವತ್ತು ಜನ ಎದ್ದು ದುಡ್ಡು ಎಣಿಸಿಕೊಂಡು ಹೋದರು.
ಗೇಟಿನಲ್ಲಿ ಒಂದು ಕೊಕ್ಕೆ ಉಳಿಯಿತು.

ಆಪರೇಷನ್ ಒಲ್ಲೆನೆಂದ. ಮಾತ್ರೆ ನುಂಗುತ್ತ
ಹನ್ನೊಂದು ವರ್ಷ ಇದೇ ಗೇಟು ಕಾದ.
ಹೊಸ ಬ್ಯಾಚು ಬಂದಾಗಲೆಲ್ಲ ಅಂಗಿ ಬಿಚ್ಚಿ ಕೂರುತ್ತಿದ್ದ,
ತಡಕಾಡುವ ಕೈ ಹಿಡಿದು ಜಾಗ ತೋರಿಸುತ್ತಿದ್ದ:
‘ಅಲ್ಲಲ್ಲ ಮಗ, ಎರಡು ಬೆರಳು ಕೆಳಗೆ. ಹಾಂ, ಈಗ ಕೇಳು.’
ನನ್ನನ್ನು ಕಂಡರೆ ಮಾತ್ರ:
‘ಆ ಹದಿನೈದು ರೂಪಾಯಿ ಇನ್ನೂ ಬಂದಿಲ್ಲ ಸ್ವಾಮಿ.’

ನಿನ್ನೆ ಸಿಕ್ಕಿತು ಅವನ ಚಾರ್ಟು.
‘ಹೊಟ್ಟೆ ನೋವು’, ನನ್ನ ದುಂಡು ಅಕ್ಷರ;
ಅದರ ಮೇಲೆ ಹಸಿರು ಶಾಯಿಯ ಒಂದೇ ಗೆರೆ.

ಗ್ರೂಪ್ ಫೋಟೋದಲ್ಲಿ ಅವನಿಲ್ಲ.
ಕೊಕ್ಕೆ ಇದೆ, ನನ್ನ ಡ್ರಾಯರಿನಲ್ಲಿ.
ಮೇಲಿನ ಅಟ್ಟದ ಹಳೇ ಕಟ್ಟುಗಳು
ಅದಿಲ್ಲದೆ ಕೈಗೆ ಸಿಗುವುದಿಲ್ಲ.