ಉಸಿರು ಹಿಡೀರಿ

ಜೇಜು ದ್ವೀಪದ ಆಸ್ಪತ್ರೆ, ನಸುಕಿನ ಐದು.
ಬು ಓಕ್‌ಸುನ್, ಎಪ್ಪತ್ತೊಂದು,
ಕಿವಿಯ ಮಡಿಕೆಯಲ್ಲಿ ಇನ್ನೂ ಉಪ್ಪು.
"ಉಸಿರು ಹಿಡೀರಿ ಅಜ್ಜಿ" ಅಂದೆ,
ಗಾಜಿನಾಚೆಯಿಂದ, ಮೈಕಿನಲ್ಲಿ.

ಮದ್ದು ಕತ್ತಿಗೇರಿತು.
ತೆರೆಯ ಮೇಲೆ ಬೆಳ್ಳಗೆ, ಕವಲು ಕವಲಾಗಿ
ಅರಳಿತು ನೆತ್ತರ ದಾರಿ.
ಒಂದು ಕವಲಿನ ಸಂದಿಯಲ್ಲಿ
ಹುರುಳಿಕಾಳಿನಷ್ಟು ಗುಳ್ಳೆ:
ಗೋಡೆ ತೆಳ್ಳಗಾಗಿ,
ಒಡೆಯಲೋ ಬೇಡವೋ ಎಂದು ಕೂತಿತ್ತು.

ನೋಡುತ್ತ ನಾನೂ ಕೂತುಬಿಟ್ಟೆ.
"ಬಿಡಿ" ಅನ್ನುವುದೇ ಮರೆತುಹೋಯಿತು.

ಓಡಿಹೋಗಿ ಬಾಗಿಲು ತೆರೆದರೆ
ಕಣ್ಣು ಮುಚ್ಚಿ ಮಲಗಿದ್ದಾಳೆ, ಅಲುಗದೆ,
ಐವತ್ತು ವರ್ಷ ಕಡಲ ತಳದಲ್ಲಿ
ಬಂಡೆಯಿಂದ ಚಿಪ್ಪು ಕಿತ್ತವಳು.
"ಬಿಡಿ ಅಜ್ಜಿ, ಬಿಡಿ!"

ಹಲ್ಲ ಸಂದಿಯಿಂದ ಸಿಳ್ಳೆಯಾಗಿ ಹೊರಟಿತು ಉಸಿರು.
"ಇಷ್ಟೇನಾ?" ಅಂದಳು.
"ಕೆಳಗೆ ಏನಾದರೂ ಸಿಕ್ಕಿತಾ?"