ಹುಲ್ಲು ತುಂಬಿದ ಕರು

ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ.
ಪೇಪರಿನ ತುಂಡೊಂದನ್ನು ಕತ್ತರಿಸಿ
ಫ್ರಿಜ್ಜಿನ ಬಾಗಿಲಿಗೆ, ಗ್ಯಾಸ್ ಬಿಲ್ಲಿನ ಮೇಲೆ,
ಗಣಪತಿಯ ಮ್ಯಾಗ್ನೆಟ್ಟಿನಿಂದ ಒತ್ತಿ
ದೀಪಕ್ಕೆ ಎಣ್ಣೆ ಹಾಕಲು ಹೋದರು.

ವೀಗನ್ ದಂಪತಿಯ ಹಟ: ಹಸುಗೂಸು ಬಲಿ.

ಮುಲುಂಡಿನ ನಾಲ್ಕನೇ ಮಾಳಿಗೆ. ರಾತ್ರಿ ಎರಡೂವರೆ.
ಕೊನೆಯ ಲೋಕಲ್ಲೂ ಹೋಗಿ ಹಳಿ ತಣ್ಣಗಾದ ಹೊತ್ತು,
ಎಂಟು ತಿಂಗಳ ಪೋರಿ ನನ್ನೆದೆ ಚೀಪುತ್ತ
ಕಾಲ್ಬೆರಳಿಂದ ಹೊಟ್ಟೆಯ ಮೇಲೆ ಏನೋ ಗೀಚುತ್ತಿರುವಾಗ
ಆ ಏಳು ಸಾಲು ಓದಿದೆ.
ಹೆದರಲಿಲ್ಲ ಅಂದರೆ ಸುಳ್ಳು.
ಅವಳ ರಟ್ಟೆ ಹಿಡಿದು ನೋಡಿದೆ.
ಕೆಳರೆಪ್ಪೆ ಮೆಲ್ಲಗೆ ಎಳೆದು
ಮೊಬೈಲಿನ ಬೆಳಕಲ್ಲಿ ಕೆಂಪು ಹುಡುಕಿದೆ.

ಅಪ್ಪ ಜೋಗೇಶ್ವರಿಯ ತಬೇಲಾದಲ್ಲಿ ಲೆಕ್ಕ ಬರೆಯುತ್ತಿದ್ದರು.
ರಜೆಯಲ್ಲಿ ಬುತ್ತಿ ಒಯ್ಯುವವಳು ನಾನು.
ಗಂಡುಗರು ಹುಟ್ಟಿದರೆ ಆ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ;
ನಾಲ್ಕೈದು ದಿನ ಗೂಟದಲ್ಲಿ ಕೂಗಿ ಸುಮ್ಮನಾಗುತ್ತಿತ್ತು.
ಆಮೇಲೆ ಅದರ ಚರ್ಮಕ್ಕೆ ಹುಲ್ಲು ತುಂಬಿ, ಹೊಲಿದು,
ನಾಲ್ಕು ಕೋಲಿನ ಕಾಲು ಕೊಟ್ಟು
ತಾಯ ಮೂತಿಯೆದುರು ನಿಲ್ಲಿಸುತ್ತಿದ್ದರು.
ಎಮ್ಮೆ ಮೂಸುತ್ತಿತ್ತು. ನೆಕ್ಕುತ್ತಿತ್ತು.
ಕೂದಲು ನಿಜ, ವಾಸನೆ ನಿಜ, ಕಿವಿಯೂ ನಿಜವೇ.
ಕೆಚ್ಚಲು ತಾನಾಗಿ ಸೊರೆಬಿಡುತ್ತಿತ್ತು.

ನಾನು ಹಾಲು ಬಿಟ್ಟದ್ದು ಯಾರ ಭಾಷಣ ಕೇಳಿಯೂ ಅಲ್ಲ.

ಮತ್ತೆ ಓದಿದೆ, ಈ ಸಲ ಕೆಳಗಿನಿಂದ ಮೇಲಕ್ಕೆ.
ಏಳನೇ ಸಾಲು: ದಿನ ತುಂಬದೆ ಹುಟ್ಟಿದ ಕೂಸು.
ಆರನೆಯದು: ಒಮ್ಮೆಯೂ ಡಾಕ್ಟರ ಹತ್ತಿರ ಒಯ್ದಿಲ್ಲ.
ಐದು: ಎದೆಹಾಲೂ ಇಲ್ಲ, ಡಬ್ಬಿಯ ಪುಡಿಯೂ ಇಲ್ಲ,
ಬಾರ್ಲಿಯ ತಿಳಿ, ಖರ್ಜೂರದ ನೀರು, ನಲವತ್ತು ದಿನ.
ಎಲ್ಲಕ್ಕೂ ಮೇಲೆ, ದಪ್ಪಕ್ಷರದಲ್ಲಿ, ನಾವು.

ಹಸಿದು ಸತ್ತ ಕೂಸು.
ಅದರ ಸಾವು ನಿಜ. ಕಿವಿಯೂ ನಿಜವೇ.
ಒಳಗೆ ತುಂಬಿದ್ದು ಯಾರ ಹುಲ್ಲು?

ಡಾಕ್ಟರ್ ಪಿಂಗಳೆಬಾಯಿ ಯಾರ ಪಕ್ಷವೂ ಅಲ್ಲ.
ಕನ್ನಡಕದ ಮೇಲಿಂದ ನೋಡಿ ಅಂದರು:
ಬಿ-ಟ್ವೆಲ್ವ್ ತಪ್ಪಿಸಬೇಡ, ಮಗುವಿನ ನರ ಕ್ಷಮಿಸುವುದಿಲ್ಲ.
ನಿನ್ನ ತತ್ವ ನಿನಗಿರಲಿ, ಅವಳ ಡೋಸ್ ಅವಳಿಗಿರಲಿ.
ರಕ್ತ ಹತ್ತೂವರೆ. ಕಬ್ಬಿಣದ ಹನಿ ಬರೆದುಕೊಟ್ಟರು.
ಪಕ್ಕದ ಕುರ್ಚಿಯಲ್ಲಿ ಕೇಳ್ಕರರ ಮೊಮ್ಮಗ,
ದಿನಕ್ಕೊಂದು ಲೀಟರು ಹಸುವಿನ ಹಾಲು ಹೀರುವ ಗುಂಡ,
ಅವನಿಗೂ ಅದೇ ಬಾಟ್ಲಿ, ಇನ್ನೆರಡು ಹನಿ ಹೆಚ್ಚು.
ಅವನನ್ನು ಯಾರೂ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಲಿಲ್ಲ

ಎಂದು ಮನೆಗೆ ಬಂದು ಹೇಳಬೇಕೆಂದಿದ್ದೆ.
ಹೇಳಲಿಲ್ಲ. ಭಾಂಡುಪ್ ದಾಟುವಾಗ
ನನ್ನ ಕೈಯಲ್ಲೂ ಸೂಜಿ ದಾರ ಕಂಡಿತು.
ಒಬ್ಬ ಕೇಳ್ಕರರ ಮೊಮ್ಮಗನಿಂದ
ಏನೂ ಸಾಬೀತಾಗುವುದಿಲ್ಲ.

ಸಂಜೆ ಅತ್ತೆ ಮೊಳಕೆ ರಾಗಿ ಅರೆದು, ಬಟ್ಟೆಯಲ್ಲಿ ಸೋಸಿ,
ತೆಂಗಿನ ಹಾಲು ಹಿಂಡಿ, ಬೆಲ್ಲದ ಚೂರು ಹಾಕಿ
ಮಣ್ಣಿ ಕಾಸುತ್ತಿದ್ದರು, ತಳ ಹಿಡಿಯದಂತೆ.
ಲೋಹಿತನಿಗೂ ಇದನ್ನೇ ಕೊಟ್ಟದ್ದು ಮಾರಾಯ್ತಿ,
ಕಾಪುವಿನಲ್ಲಿ ಆಗ ಹಾಲೆಲ್ಲಿತ್ತು, ಇದ್ದದ್ದೆಲ್ಲ ಹೋಟೆಲಿಗೆ...
ಅಂದವರು ತಮ್ಮ ಮಾತು ತಾವೇ ಕೇಳಿಸಿಕೊಂಡಂತೆ
ಸೌಟು ನಿಲ್ಲಿಸಿದರು.
ನಾನು ಆ ಕಡೆ ನೋಡಲಿಲ್ಲ. ಮಣ್ಣಿ ಗುಳುಗುಳು ಅಂದಿತು.
ಮತ್ತೆ ತಿರುವಿದರು.

ಪೋರಿ ಎರಡನೇ ಚಮಚಕ್ಕೂ ಬಾಯಿ ತೆರೆದಳು,
ಮೂರನೆಯದನ್ನು ಅಜ್ಜಿಯ ಸೀರೆಗೆ ಉಗುಳಿದಳು.

ಕತ್ತರಿಸಿದ ತುಂಡು ಇನ್ನೂ ಅಲ್ಲೇ ಇದೆ.
ಅದರ ಮೇಲೆ ಯಾರೋ, ನಾನಲ್ಲ,
ಗಣಪತಿಯ ಅಡಿಗೇ ತೂಕದ ಚೀಟಿ ಸಿಕ್ಕಿಸಿದ್ದಾರೆ:
ಎಂಟು ಕಿಲೋ ನೂರು ಗ್ರಾಂ,
ಬಟ್ಟೆ ಬಿಚ್ಚಿ ತೂಗಿದ್ದು.